ಅಡಿಕೋಲಿನಷ್ಟು ಏರಿದ ಕಡಲು

ಅಮೆರಿಕದ ವರ್ಜೀನಿಯಾದಲ್ಲಿ ನಾರ್ಫೋಕ್ ಎಂಬ ಬಂದರು ನಗರವಿದೆ. ಅಲ್ಲಿ ಒಂದು ಹನಿ ಮಳೆ ಬೀಳದ ದಿನವೂ ಬೀದಿಯಲ್ಲಿ ನೀರು ನಿಲ್ಲುವುದುಂಟು. ಹುಣ್ಣಿಮೆ, ಅಮಾವಾಸ್ಯೆಗೆ ಉಬ್ಬರ ಜೋರೆಂದು ನಮ್ಮ ಕರಾವಳಿಯ ಅಜ್ಜಂದಿರಿಗೆ ಯಾರೂ ಹೇಳಿಕೊಡಬೇಕಿಲ್ಲ. ವರ್ಷದ ಅತಿ ದೊಡ್ಡ ಉಬ್ಬರವನ್ನು ಅಲ್ಲಿ ‘ಕಿಂಗ್ ಟೈಡ್’ ಎನ್ನುತ್ತಾರೆ. ಆಗ ಉಪ್ಪುನೀರು ಚರಂಡಿಯೊಳಗಿಂದಲೇ ಹಿಂದಕ್ಕೆ ಉಕ್ಕುತ್ತದೆ!

ಸಮುದ್ರ ಏರುತ್ತಿದೆ, ಜೊತೆಗೆ ನೆಲವೂ ಕುಸಿಯುತ್ತಿದೆ. ಅಂತರ್ಜಲವನ್ನು ಮಿತಿಮೀರಿ ಎತ್ತಿದ್ದೂ ಕುಸಿತಕ್ಕೊಂದು ಕಾರಣ. ಸೀವೆಲ್ಸ್ ಪಾಯಿಂಟಿನ ಉಬ್ಬರಮಾಪಕ 1927ರಿಂದ ಲೆಕ್ಕ ಇಟ್ಟಿದೆ: ಎರಡೂ ಸೇರಿ ವರ್ಷಕ್ಕೆ ಸರಾಸರಿ 4.5 ಮಿ.ಮೀ.ಗೂ ಹೆಚ್ಚು. ಇದೇನು ಮಹಾ ಅನ್ನಬೇಡಿ ಮಕ್ಕಳೇ. 70 ವರ್ಷದ ಅಜ್ಜಿ ಹುಟ್ಟಿದಾಗಿನಿಂದ ಎಣಿಸಿದರೆ ನಿಮ್ಮ ಅಡಿಕೋಲಿನಷ್ಟು! ಕೆಲವರು ಇಡೀ ಮನೆಯನ್ನೇ ಎತ್ತರಿಸಿಕೊಂಡಿದ್ದಾರೆ.

2017ರ ನವೆಂಬರ್ 5ರಂದು ವಿಜ್ಞಾನಿಗಳು ಊರವರ ನೆರವು ಕೋರಿದರು. ನೂರಾರು ಜನ ನೀರಿನ ಅಂಚಿನುದ್ದಕ್ಕೂ ನಡೆಯುತ್ತ, ಕೆಲವು ಹೆಜ್ಜೆಗೊಮ್ಮೆ ಮೊಬೈಲಿನಲ್ಲಿ ಗುಂಡಿ ಒತ್ತಿದರು. ಒತ್ತಿದಲ್ಲೆಲ್ಲ ನಕ್ಷೆಯಲ್ಲೊಂದು ಚುಕ್ಕಿ. ಕಂಪ್ಯೂಟರ್ ಮೊದಲೇ ಎಳೆದಿಟ್ಟ ಗೆರೆಗೆ ಚುಕ್ಕಿ ಹೊಂದದಿದ್ದರೆ ತಿದ್ದುವುದು ಗೆರೆಯನ್ನು, ಚುಕ್ಕಿಯನ್ನಲ್ಲ. ಯಾವ ಬೀದಿಗೆ ಮೊದಲು ನೀರು ನುಗ್ಗುತ್ತದೆ ಎಂಬುದು ಹೀಗೆ ಗೊತ್ತಾಗುತ್ತದೆ. ಮುಂದಿನ ವರ್ಷಗಳ ನಡಿಗೆಗೆ ಶಾಲಾಮಕ್ಕಳೂ ಸೇರಿದರು.