ಮೂಡಣ ಸೀಮೆಯ ದಾರಿಗಳು
ಕೋಲಾರ, ಮುಳಬಾಗಿಲು, ಶ್ರೀನಿವಾಸಪುರ, ಮಾಲೂರುಗಳಲ್ಲಿ ನಾಲ್ಕು ದಿನ

ಬಸವ ಜಯಂತಿಯ ಅಂಗವಾಗಿ ಕೋಲಾರ ಸೀಮೆಯ ಸದ್ಭಕ್ತರು ಏರ್ಪಡಿಸಿದ್ದ ಉಪನ್ಯಾಸಗಳ ನಿಮಿತ್ತ ಈಚೆಗೆ ನಾಲ್ಕು ದಿನ ಆ ಭಾಗದಲ್ಲಿ ಸಂಚರಿಸುವ ಸುಯೋಗ ನಮಗೆ ಒದಗಿತು. ಈ ಸೀಮೆ ನಮಗೆ ಹೊಸದಲ್ಲ. ಮಠದ ಗುರುಕುಲದಲ್ಲಿ ಓದುತ್ತಿದ್ದ ಕಾಲದಲ್ಲಿ ಹಿರಿಯರ ಹಿಂದೆ ಜೋಳಿಗೆ ಹೊತ್ತು ಇಲ್ಲಿನ ಹಳ್ಳಿಗಳನ್ನು ಸುತ್ತಿದ್ದೆವು. ಅಂದಿನ ದಾರಿಗಳು ಧೂಳಿನವು. ಆದರೆ ಹುಣಸೆ, ಆಲ, ನೇರಳೆಗಳ ನೆರಳಿನವು. ಊರ ಹೊರಗೊಂದು ಗುಂಡುತೋಪು, ಅದರ ಪಕ್ಕದಲ್ಲಿ ಕೆರೆ, ಬೇಸಿಗೆಯಲ್ಲಿ ಪುಣ್ಯಾತ್ಮರಾರೋ ಇಟ್ಟ ಅರವಟ್ಟಿಗೆ. ನಡೆಯುವವನಿಗೆ ಬಳಲಿಕೆಯಾಗುವ ಮೊದಲೇ ಕೂರಲು ಒಂದು ಸ್ಥಳವಿರುತ್ತಿತ್ತು.

ಈ ಸಲ ಬೆಂಗಳೂರಿನಿಂದ ಕೋಲಾರಕ್ಕೆ ಬಸ್ಸಿನಲ್ಲಿ ಹೊರಟೆವು. ಸುಮಾರು 70 ಕಿಲೋಮೀಟರುಗಳ ಹಾದಿ. ಹಿಂದೆ ರಾಷ್ಟ್ರೀಯ ಹೆದ್ದಾರಿ 4 ಎನಿಸಿಕೊಂಡಿದ್ದ ಈ ರಸ್ತೆಗೆ 2010ರ ಮರುಸಂಖ್ಯೆಯ ತರುವಾಯ 75 ಎಂಬ ಅಂಕಿ ಬಂದಿದೆ. ನರಸಾಪುರದ ಬಳಿ, ಹಿಂದೆ ರಾಗಿ ಹೊಲಗಳಿದ್ದೆಡೆ, ಈಗ ದ್ವಿಚಕ್ರ ವಾಹನಗಳನ್ನೂ ಮೊಬೈಲ್ ಫೋನುಗಳನ್ನೂ ತಯಾರಿಸುವ ಕಾರ್ಖಾನೆಗಳು ನಿಂತಿವೆ. ಪಾಳಿ ಮುಗಿಸಿ ಹೊರಬರುತ್ತಿದ್ದ ಹೆಣ್ಣುಮಕ್ಕಳಿಂದ ಬಸ್ಸುಗಳು ತುಂಬಿದ್ದವು. ಅವರ ಮುಖದಲ್ಲಿ ದಣಿವಿತ್ತು, ಸ್ವಂತ ದುಡಿಮೆಯ ಧೈರ್ಯವೂ ಇತ್ತು. ಕಾಯಕವನ್ನು ಕೈಲಾಸವೆಂದು ನಂಬಿದ ಪರಂಪರೆಗೆ ಸೇರಿದ ನಾವು ಈ ರಸ್ತೆ ತಂದ ಅನ್ನವನ್ನು ಹಗುರಾಗಿ ಕಾಣಲಾರೆವು.

ಆದರೆ ಹೆದ್ದಾರಿಯನ್ನು ಬಿಟ್ಟು ಊರೊಳಕ್ಕೆ ತಿರುಗಿದ ಕೂಡಲೇ ಆ ವೇಗವೆಲ್ಲ ಮುಗಿಯಿತು.

ಜಗಲಿಯ ಮೇಲಿನ ಕೆಂಪು ಗೆರೆ

ಕೋಲಾರ ಬಹು ಪುರಾತನ ನಗರ. ತಲಕಾಡಿಗೆ ಹೋಗುವ ಮುನ್ನ ಗಂಗರು ಆಳಿದ್ದು ಇಲ್ಲಿಂದಲೇ. ತಲಕಾಡಿಗೆ ಹೋದ ಮೇಲೂ ಅವರು ‘ಕುವಳಾಲಪುರವರೇಶ್ವರ’ ಎಂಬ ಬಿರುದನ್ನು ಬಿಡಲಿಲ್ಲ. ಕೋಲಾರಮ್ಮನ ಗುಡಿಯ ಚೋಳ ಶಾಸನಗಳು, ವಿಜಯನಗರ ಕಾಲದ ಸೋಮೇಶ್ವರ ದೇವಾಲಯ, ಬೆಟ್ಟದ ಮೇಲೆ ಕಲ್ಲಿನ ಬಸವನ ಬಾಯಿಂದ ಜಿನುಗುವ ಅಂತರಗಂಗೆ, ಇವೆಲ್ಲ ಊರಿನ ಹಿರಿಮೆಗೆ ಸಾಕ್ಷಿ. ಇಂಥ ಊರಿನ ಬೀದಿಗಳನ್ನು ಹಾಕಿದವರು ಕಾಲ್ನಡಿಗೆಯನ್ನೂ ಎತ್ತಿನ ಬಂಡಿಯನ್ನೂ ಮನಸ್ಸಿನಲ್ಲಿಟ್ಟು ಹಾಕಿದರು. 2011ರ ಜನಗಣತಿಯ ವೇಳೆಗೆ ನಗರದ ಜನಸಂಖ್ಯೆ 1 ಲಕ್ಷ 38 ಸಾವಿರ ದಾಟಿತ್ತು. ಬೀದಿಗಳು ಮಾತ್ರ ಅಷ್ಟೇ ಅಗಲ ಉಳಿದಿವೆ.

ನಾವು ಇಳಿದುಕೊಂಡದ್ದು ಹಳೆಯ ಪೇಟೆಯ ಒಬ್ಬ ಶಿವಭಕ್ತರ ಮನೆಯಲ್ಲಿ. ಮೂರು ತಲೆಮಾರಿನಿಂದ ಜಂಗಮರಿಗೆ ಪಾದಪೂಜೆ, ಪ್ರಸಾದ ನಡೆಸಿಕೊಂಡು ಬಂದ ಮನೆ. ಬೀದಿಗೆ ತೆರೆದ ಕಲ್ಲಿನ ಜಗಲಿ, ಮರದ ಕಂಬಗಳು. ಆ ಜಗಲಿಯ ನಡುವೆ, ಗೋಡೆಗೆ ತೀರ ಸಮೀಪದಲ್ಲಿ, ಕೆಂಪು ಬಣ್ಣದ ಗೆರೆ ಎಳೆದಿತ್ತು. ರಸ್ತೆ ಅಗಲೀಕರಣಕ್ಕೆಂದು ಅಳತೆ ಮಾಡಿ ಹಾಕಿದ ಗುರುತು ಅದು. ಗೆರೆಯ ಹೊರಗಿನದೆಲ್ಲ ಹೋಗಬೇಕು.

ಮನೆಯ ಮಗ ಕುದಿಯುತ್ತಿದ್ದರು. “ಅಯ್ಯನವರೇ, ಈ ಜಗಲಿಯ ಮೇಲೆ ಎಷ್ಟು ಮಂದಿ ಶಿವಶರಣರು ಕುಳಿತಿದ್ದಾರೆ! ಒಂದು ಸರಿಯಾದ ನೋಟಿಸೂ ಇಲ್ಲದೆ ಬಣ್ಣ ಬಳಿದು ಹೋದರು. ನ್ಯಾಯಾಲಯಕ್ಕೆ ಹೋಗೋಣವೆಂದರೆ ಅಪ್ಪಾಜಿ ಒಪ್ಪುತ್ತಿಲ್ಲ. ನೀವೇ ಹೇಳಬೇಕು” ಎಂದರು. ಯಜಮಾನರು ಎಂಬತ್ತರ ಹತ್ತಿರದವರು. ತಲೆ ತಗ್ಗಿಸಿ ಕುಳಿತಿದ್ದರು, ಮಾತಾಡಲಿಲ್ಲ. ಆ ಸಂಜೆ ನಾವೂ ಆವೇಶದಿಂದ, “ದಾಸೋಹದ ಸ್ಥಳ, ಹೇಗೆ ಬಿಡುವುದು?” ಎಂದುಬಿಟ್ಟೆವು. ಪೂರ್ಣ ವಿಚಾರಿಸದೆ ಆಡಿದ ಆ ಮಾತು ಮುಂದಿನ ಮೂರು ದಿನ ನಮ್ಮನ್ನು ಕಾಡಿತು.

ಮುಳಬಾಗಿಲು

ಮರುದಿನ ಮುಳಬಾಗಿಲಿಗೆ ಪಯಣ. ಮೂಡಲ ಬಾಗಿಲೇ ಮುಳಬಾಗಿಲಾಯಿತೆಂಬುದು ಪ್ರಸಿದ್ಧ. ಇನ್ನೂ ಮೂಡಣಕ್ಕೆ ನಂಗಲಿ. ಹೊಯ್ಸಳ ವಿಷ್ಣುವರ್ಧನನ ಶಾಸನಗಳು ರಾಜ್ಯದ ಪೂರ್ವದ ಎಲ್ಲೆಯೆಂದು ಹೆಸರಿಸುವುದು ಆ ನಂಗಲಿಯನ್ನೇ. ಆವನಿಯ ನೊಳಂಬರ ಕಾಲದ ರಾಮಲಿಂಗೇಶ್ವರ, ಕುರುಡುಮಲೆಯ ಗಣಪತಿ, ಪೇಟೆಯ ಆಂಜನೇಯ, ಹೀಗೆ ತಿರುಪತಿಗೆ ನಡೆಯುವ ಯಾತ್ರಿಕರಿಗೆ ಇದು ತಂಗುವ ಊರಾಗಿತ್ತು. ಡಿ.ವಿ. ಗುಂಡಪ್ಪನವರು 1887ರಲ್ಲಿ ಜನಿಸಿದ್ದೂ ಇಲ್ಲಿಯೇ.

ಇಂದು ಹೆದ್ದಾರಿ ಅಗಲವಾಗಿದೆ. ಯಾತ್ರಿಕರು ಊರೊಳಕ್ಕೆ ಬರದೆ ಮುಂದೆ ಸಾಗಬಹುದು. ದೋಸೆಯ ಹೆಸರು ಕೇಳಿ ತಿರುಗಿಕೊಂಡವರು ಮಾತ್ರ ಒಳಬರುತ್ತಾರೆಂದು ಅಂಗಡಿಯವರೊಬ್ಬರು ನಗುತ್ತ ನುಡಿದರು. ನಾವು ಆಂಜನೇಯನ ಗುಡಿಯ ಕಡೆಗೆ ನಡೆದೆವು. ಒಂದೇ ಬೀದಿಯಲ್ಲಿ ಮೂರು ಬಗೆಯ ನೆಲ: ಸ್ವಲ್ಪ ದೂರ ಸಿಮೆಂಟು, ಸ್ವಲ್ಪ ದೂರ ಡಾಂಬರು, ಮುಂದೆ ಕೊಳವೆಗಾಗಿ ಅಗೆದು ಮಣ್ಣೆಳೆದ ಕಾಲುವೆ. ಪ್ರತಿ ಮನೆಯವರೂ ತಮ್ಮ ವಾಹನ ಹತ್ತಲೆಂದು ಚರಂಡಿಯ ಮೇಲೆ ಇಳಿಜಾರು ಕಟ್ಟಿಕೊಂಡಿದ್ದರು. ಒಂದೊಂದೂ ಒಂದೊಂದು ಎತ್ತರ. ಕೋಲೂರಿ ಬರುತ್ತಿದ್ದ ಅಜ್ಜಿಯೊಬ್ಬರು ಅವನ್ನು ಹತ್ತಿಳಿಯಲಾಗದೆ ವಾಹನಗಳ ನಡುವೆ ಬೀದಿಗಿಳಿದರು. ಅವರನ್ನು ಬೀದಿಗಿಳಿಸಿದವರು ಅಧಿಕಾರಿಗಳಲ್ಲ, ನಮ್ಮಂಥ ಗೃಹಸ್ಥರು. ಆಗ ನಮಗೆ ಕೋಲಾರದ ಜಗಲಿ ನೆನಪಾಯಿತು.

ಮಾವಿನ ನಾಡು

ಮೂರನೆಯ ದಿನ ಶ್ರೀನಿವಾಸಪುರ. ಪಾಪನಪಲ್ಲಿಯೆಂದಿದ್ದ ಈ ಊರಿಗೆ ದಿವಾನ್ ಪೂರ್ಣಯ್ಯನವರು ತಮ್ಮ ಮಗನ ಹೆಸರಿಟ್ಟರೆಂದು ಹೇಳುತ್ತಾರೆ. ದಾರಿಯುದ್ದಕ್ಕೂ ಮಾವಿನ ತೋಪುಗಳು. ಬಾದಾಮಿ, ಬೇನಿಷಾ, ಮಲ್ಲಿಕಾ, ತೋತಾಪುರಿ, ನೀಲಂ ಎಂದು ಮಕ್ಕಳೂ ಎಲೆ ನೋಡಿ ಹೇಳಬಲ್ಲರು. ಬಂಗಾರಪೇಟೆಯಿಂದ ಕೋಲಾರ, ಶ್ರೀನಿವಾಸಪುರ, ಚಿಂತಾಮಣಿಗಳ ಮೂಲಕ ಚಿಕ್ಕಬಳ್ಳಾಪುರಕ್ಕೆ ಹೋಗುವ ಹಳೆಯ ಪುಟ್ಟ ರೈಲಿನ ಹಳಿ 2013ರಲ್ಲಿ ಪೂರ್ಣವಾಗಿ ಬ್ರಾಡ್‌ಗೇಜ್ ಆಯಿತು. ಆದರೂ ಹಣ್ಣು ಹೋಗುವುದು ರಸ್ತೆಯಲ್ಲಿಯೇ.

ಮಂಡಿಯ ಮುಂದೆ ಲಾರಿಗಳು ಸಾಲಾಗಿ ನಿಂತಿದ್ದವು. ರೈತರೊಬ್ಬರು ತೋಟದಿಂದ ಮುಖ್ಯರಸ್ತೆಯವರೆಗಿನ ಮೂರು ಮೈಲಿಯ ಗುಂಡಿಗಳ ಲೆಕ್ಕ ಹೇಳಿದರು. “ಲಾರಿ ಕುಲುಕಿದರೆ ಹಣ್ಣಿಗೆ ಪೆಟ್ಟು. ಪೆಟ್ಟು ಬಿದ್ದ ಹಣ್ಣಿಗೆ ಬೆಲೆಯಿಲ್ಲ, ಸ್ವಾಮಿ. ಗುಂಡಿಯ ತೆರಿಗೆ ನಾವು ಹಣ್ಣಿನಲ್ಲಿ ಕಟ್ಟುತ್ತೇವೆ” ಎಂದರು. 2025ರ ಜೂನಿನಲ್ಲಿ ನೆರೆಯ ಚಿತ್ತೂರು ಜಿಲ್ಲೆಯ ಆಡಳಿತ ಕರ್ನಾಟಕದ ತೋತಾಪುರಿಗೆ ಪ್ರವೇಶ ನಿರ್ಬಂಧಿಸಿದಾಗ ಇಲ್ಲಿನ ಬೆಳೆಗಾರರು ಹಣ್ಣನ್ನು ರಸ್ತೆಗೆ ಸುರಿಯುವ ಸ್ಥಿತಿಗೆ ಬಂದಿದ್ದರು. ತಿರುಳು ತೆಗೆಯುವ ಕಾರ್ಖಾನೆಗಳು ಆ ಕಡೆ, ತೋಟಗಳು ಈ ಕಡೆ. ರಸ್ತೆ ನುಣ್ಣಗಿದ್ದರೂ ನೆರೆಯವನ ಮನಸ್ಸು ಮುಚ್ಚಿದರೆ ದಾರಿ ದಾರಿಯಲ್ಲವೆಂಬುದನ್ನು ಅಂದು ಈ ತಾಲ್ಲೂಕು ಕಂಡಿತು.

ಹೆಂಚಿನ ಊರು

ನಾಲ್ಕನೆಯ ದಿನ ಬೆಳಗಿನ ಜಾವ ಹೊರಟು ಕೋಲಾರವನ್ನು ಹಾದು ಮಾಲೂರನ್ನು ಸೇರಿದೆವು. ಇಟ್ಟಿಗೆ ಹೆಂಚುಗಳಿಗೆ ಹೆಸರಾದ ಊರು. ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರ ಮಾಸ್ತಿ ಈ ತಾಲ್ಲೂಕಿನದೇ. ಬೆಂಗಳೂರಿನ ಎಷ್ಟೋ ಗೋಡೆಗಳ ಮಣ್ಣು ಇಲ್ಲಿಯದು. ಮನೆಗಳಾಗಿ ಹೋದ ಆ ಮಣ್ಣಿನ ಬದಲಿಗೆ ಇಲ್ಲಿ ಉಳಿದದ್ದು ಹಳ್ಳ, ಕೆಂಧೂಳು, ಭಾರದ ಲಾರಿಗಳು ಸೀಳಿದ ರಸ್ತೆ.

ಈಗ ಈ ತಾಲ್ಲೂಕಿನ ಮೇಲೆ ಬೆಂಗಳೂರು–ಚೆನ್ನೈ ವೇಗಮಾರ್ಗ ಹಾದಿದೆ. ಹೊಸಕೋಟೆಯಿಂದ ಕರ್ನಾಟಕದ ಗಡಿಯವರೆಗಿನ ಸುಮಾರು 71 ಕಿಲೋಮೀಟರು 2024ರ ಡಿಸೆಂಬರಿನಲ್ಲಿ ಸಂಚಾರಕ್ಕೆ ತೆರೆಯಿತು. ನೋಡಲು ಭವ್ಯ. ಎಲ್ಲೆಂದರಲ್ಲಿ ಹತ್ತುವಂತಿಲ್ಲ, ದಾಟುವಂತಿಲ್ಲ. ಅಪಘಾತ ತಪ್ಪಿಸಲು ಅದು ಅಗತ್ಯವೂ ಹೌದು. ಆದರೆ ಮನೆ ಒಂದು ಬದಿಗೆ, ಹೊಲ ಇನ್ನೊಂದು ಬದಿಗೆ ಆದವನು ದನಗಳನ್ನು ಹೊಡೆದುಕೊಂಡು ಕೆಳಸೇತುವೆಯನ್ನು ಹುಡುಕಿ ಹೋಗಬೇಕು. ದೂರದವರನ್ನು ಹತ್ತಿರ ತಂದ ದಾರಿ ಹತ್ತಿರದವರನ್ನು ದೂರ ಮಾಡಿತು.

ಹಿಂದಿರುಗುವಾಗ ಕೆರೆಯೊಂದು ತುಂಬಿ ನಿಂತಿದ್ದುದನ್ನು ಕಂಡು ಬಸ್ಸಿನಲ್ಲಿ ಎಲ್ಲರೂ ಕಿಟಕಿಯತ್ತ ಬಾಗಿದರು. ಅವಿಭಜಿತ ಕೋಲಾರ ಜಿಲ್ಲೆಯಲ್ಲಿ 4,000ಕ್ಕೂ ಮಿಕ್ಕಿ ಕೆರೆಗಳಿದ್ದವು. ಸದಾ ಹರಿಯುವ ನದಿಯಿಲ್ಲದ ನಾಡಿಗೆ ಅವೇ ತಾಯಂದಿರು. ಅವು ಬತ್ತಿ, ಕೊಳವೆಬಾವಿಗಳು ಸಾವಿರ ಅಡಿ ದಾಟಿದ ಕಾಲದಲ್ಲಿ, 2018ರ ಜೂನಿನಿಂದ, ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ನೀರು ನರಸಾಪುರದ ಬಳಿಯ ಲಕ್ಷ್ಮೀಸಾಗರ ಕೆರೆಯ ಮೂಲಕ ಹರಿಯತೊಡಗಿತು. ದಿನಕ್ಕೆ 44 ಕೋಟಿ ಲೀಟರುಗಳ ಯೋಜನೆ. ನೀರಿನ ಶುದ್ಧಿಯ ಪ್ರಶ್ನೆ ನ್ಯಾಯಾಲಯದವರೆಗೆ ಹೋಯಿತು. ಮೂರನೆಯ ಹಂತದ ಸಂಸ್ಕರಣೆ ಬೇಕೆಂಬ ರೈತರ ಬೇಡಿಕೆ ನ್ಯಾಯವಾದದ್ದು. 2023ರಲ್ಲಿ ಉದ್ಘಾಟನೆಯಾದ ಯರಗೋಳ್ ಜಲಾಶಯದ ಉದ್ದೇಶವೂ ಈ ಪಟ್ಟಣಗಳಿಗೆ ಕುಡಿಯುವ ನೀರು. ನೀರು ಬಂದರೆ ಕೊಳವೆ ಬರುತ್ತದೆ. ಕೊಳವೆ ಬಂದರೆ ರಸ್ತೆ ಅಗೆಯಬೇಕಾಗುತ್ತದೆ. ಊರೂರಲ್ಲಿ ಕಂಡ ಅಗೆತಕ್ಕೆ ಇದೂ ಒಂದು ಕಾರಣ. ಅಗೆಯುವುದು ತಪ್ಪಲ್ಲ. ಮೊದಲು ಡಾಂಬರು ಹಾಕಿ, ಆಮೇಲೆ ಕೊಳವೆಗೆಂದು ಒಡೆದು, ಮುಚ್ಚದೆ ಬಿಟ್ಟು ಹೋಗುವುದು ತಪ್ಪು.

ಎರಡು ಮೊಳ

ಆ ರಾತ್ರಿ ಕೋಲಾರದ ಮನೆಯಲ್ಲಿ ಪ್ರಸಾದವಾದ ಮೇಲೆ ಯಜಮಾನರು ಪೆಟ್ಟಿಗೆಯಿಂದ ಹಳೆಯ ಕ್ರಯಪತ್ರವನ್ನು ತಂದು ನಮ್ಮ ಮುಂದಿಟ್ಟರು. ಚಕ್ಕುಬಂದಿಯ ಸಾಲಿನ ಮೇಲೆ ಬೆರಳಿಟ್ಟು, “ಅಯ್ಯನವರೇ, ಇದನ್ನು ಓದಿ” ಎಂದರು. ಓದಿದೆವು. ಮಗ ಟೇಪು ತಂದು ಅಳೆದರು. ಜಗಲಿಯ ಹೊರಗಿನ ಎರಡು ಮೊಳ ಆ ಮನೆಗೆ ಸೇರಿದ್ದಲ್ಲ, ಬೀದಿಯದು.

“ನಮ್ಮಜ್ಜ ಕಟ್ಟಿಸಿದಾಗ ಯಾರೂ ಕೇಳಲಿಲ್ಲ. ಎದುರು ಮನೆಯವರೂ ಹಾಗೇ ಮುಂದೆ ಬಂದರು. ನನಗೆ ಗೊತ್ತಿತ್ತು, ಹೇಳಲಿಲ್ಲ” ಎಂದರು. ಸ್ವಲ್ಪ ಹೊತ್ತು ತಡೆದು ಮುಂದುವರಿಸಿದರು: “ನಿಮ್ಮ ಅಮ್ಮನಿಗೆ ಎದೆನೋವು ಬಂದ ರಾತ್ರಿ ಆಂಬುಲೆನ್ಸು ಈ ಬೀದಿಯೊಳಕ್ಕೆ ಬರಲಾಗಲಿಲ್ಲ. ಮಂಚದ ಮೇಲೆ ಮಲಗಿಸಿ ಮುಖ್ಯರಸ್ತೆಯವರೆಗೆ ಹೊತ್ತೆವು. ಆಕೆಯ ಆಯುಷ್ಯ ಅಷ್ಟೇ ಇತ್ತೋ ಏನೋ, ಶಿವನೇ ಬಲ್ಲ. ಆದರೆ ಮಂಚ ಈ ಜಗಲಿಯ ಮೂಲೆಗೇ ತಗುಲಿತು. ಅದನ್ನು ನಾನು ಮರೆಯಲಿಲ್ಲ.”

ಮಗನ ಕೈಯಲ್ಲಿ ಟೇಪು ಹಾಗೆಯೇ ಉಳಿಯಿತು. ಮೊದಲ ದಿನದ ನಮ್ಮ ಮಾತಿಗಾಗಿ ನಾವು ಆ ಇಬ್ಬರ ಕ್ಷಮೆ ಕೇಳಿದೆವು.

ತರುವಾಯ ನಮಗೆ ತೋಚಿದ್ದನ್ನು ಹೇಳಿದೆವು. ಬೀದಿಯ ಎರಡು ಮೊಳವನ್ನು ಮರಳಿ ಒಪ್ಪಿಸಬೇಕು. ಅದಕ್ಕೆ ಪರಿಹಾರ ಕೇಳಬಾರದು. ನಮ್ಮದಲ್ಲದ ನೆಲದ ಮೇಲೆ ಬಡಿಸಿದ ಪ್ರಸಾದದಿಂದ ದಾಸೋಹ ಪೂರ್ಣವಾಗದು. ಉಳಿದ ಭಾಗ ಮನೆಯವರ ಸ್ವಂತದ್ದು. ಅದನ್ನು ಬಣ್ಣದ ಗೆರೆಯಿಂದ ಯಾರೂ ಪಡೆಯುವಂತಿಲ್ಲ. ನೋಟಿಸು, ಆಕ್ಷೇಪಣೆಗೆ ಅವಕಾಶ, ನ್ಯಾಯವಾದ ಪರಿಹಾರ ಇವನ್ನು ಕೇಳುವುದು ಹಕ್ಕು; 2013ರ ಭೂಸ್ವಾಧೀನ ಕಾಯಿದೆ 2014ರ ಜನವರಿ 1ರಿಂದ ಜಾರಿಯಲ್ಲಿರುವುದು ಅದಕ್ಕಾಗಿಯೇ. ಮೂರನೆಯದಾಗಿ, ಬೀದಿಯವರೆಲ್ಲ ಒಂದಾಗಿ ಚರಂಡಿ, ನೀರಿನ ಕೊಳವೆಗಳು ಮೊದಲು, ಡಾಂಬರು ಕೊನೆಗೆ ಎಂಬ ಕ್ರಮವನ್ನು ನಗರಸಭೆಯ ಮುಂದೆ ಲಿಖಿತವಾಗಿ ಕೇಳಬೇಕು. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 74ನೆಯ ತಿದ್ದುಪಡಿ ಊರಿನ ಆಡಳಿತವನ್ನು ಊರಿನವರ ಕೈಗೆ ಕೊಟ್ಟಿದೆ. ಮತ ಹಾಕಿ ಬಂದು ಐದು ವರ್ಷ ಜಗಲಿಯ ಮೇಲೆ ಕುಳಿತು ಗೊಣಗಿದರೆ ಆ ಅಧಿಕಾರ ಬೇರೆಯವರ ಪಾಲಾಗುತ್ತದೆ.

ಸೊನ್ನಲಿಗೆಯ ಸಿದ್ಧರಾಮೇಶ್ವರರ ಕಥೆ ಓದುಗರೆಲ್ಲರಿಗೂ ತಿಳಿದದ್ದೇ. ಕೆರೆ, ಗುಡಿಗಳನ್ನು ಕಟ್ಟಿಸುವುದರಲ್ಲಿ ಮುಳುಗಿದ್ದ ಆ ಕರ್ಮಯೋಗಿಯನ್ನು ಅಲ್ಲಮಪ್ರಭುಗಳು ಬಂದು ಕೆಣಕಿದರು. ಕಟ್ಟಿಸಿದೆನೆಂಬ ಅಹಂಕಾರ ಕರಗಿದ ಮೇಲೆಯೇ ಅವರು ಶಿವಯೋಗಿಯಾದರು. ಸಿದ್ಧರಾಮರ ಕೆರೆಯನ್ನು ಪ್ರಭುಗಳು ಒಡೆಯಲು ಹೇಳಲಿಲ್ಲ. ನೀರು ಜನರದಾಗಿಯೇ ಉಳಿಯಿತು. ಹೋದದ್ದು ‘ನನ್ನದು’ ಎಂಬುದು ಮಾತ್ರ. ರಸ್ತೆ ಮಾಡಿಸಿದೆವೆಂದು ಫಲಕ ಹಾಕಿಸಿಕೊಳ್ಳುವವರಿಗೂ, ಬೀದಿಯನ್ನು ಒತ್ತಿ ಜಗಲಿ ಕಟ್ಟುವ ನಮಗೂ ಆ ಪಾಠ ಒಂದೇ.

ಬೆಳಿಗ್ಗೆ ಹೊರಡುವಾಗ ಮಗ ಎದುರು ಮನೆಯವರ ಬಾಗಿಲಲ್ಲಿ ನಿಂತು ಕ್ರಯಪತ್ರವನ್ನು ತೋರಿಸಿ ಮಾತಾಡುತ್ತಿದ್ದರು. ಎದುರು ಮನೆಯವರು ಇನ್ನೂ ಒಪ್ಪಿರಲಿಲ್ಲ, ದನಿ ಏರಿತ್ತು. ಯಜಮಾನರು ನಮ್ಮನ್ನು ಬೀದಿಯ ಕೊನೆಯವರೆಗೆ ಬೀಳ್ಕೊಡಲು ಬಂದರು. ತೆರೆದ ಚರಂಡಿಯ ಮೇಲಿನ ಚಪ್ಪಡಿಯನ್ನು ದಾಟುವಾಗ ಅವರೇ ನಮ್ಮ ಕೈ ಹಿಡಿದರು.

ಈ ಪತ್ರಿಕೆಯನ್ನು ಓದುವ ಮನೆಗಳಲ್ಲಿಯೂ ಜಗಲಿಗಳಿವೆ, ಹಳೆಯ ಪತ್ರಗಳಿವೆ. ರಸ್ತೆ ಸರಿಯಿಲ್ಲವೆಂದು ನಗರಸಭೆಗೆ ಅರ್ಜಿ ಬರೆಯುವ ಮೊದಲು ಒಮ್ಮೆ ಆ ಪೆಟ್ಟಿಗೆಯನ್ನು ತೆರೆದು ನಮ್ಮ ಚಕ್ಕುಬಂದಿಯನ್ನು ನಾವೇ ಓದಿಕೊಳ್ಳೋಣ. ಆಮೇಲೆ ಅರ್ಜಿ ಬರೆಯೋಣ. ಅದರ ಮಾತಿಗೆ ಬಲ ಬರುತ್ತದೆ.

ಶರಣು ಶರಣಾರ್ಥಿ.