ಬದುಕಿದ ಇಲಿಗಳು

ಇಲಿಯ ಮೈಗೆಲ್ಲ 9–10 ಗ್ರೇಯಷ್ಟು ವಿಕಿರಣ ತಾಗಿಸಿದರೆ ಅಸ್ಥಿಮಜ್ಜೆ ಬರಿದಾಗುತ್ತದೆ, ಎರಡು ವಾರದ ಆಚೀಚೆ ಇಲಿ ಸಾಯುತ್ತದೆ. ಬೇರೊಂದು ಇಲಿಯ ಮಜ್ಜೆಯನ್ನು ರಕ್ತಕ್ಕೆ ಚುಚ್ಚಿದರೆ ಉಳಿದುಕೊಳ್ಳುತ್ತದೆ. ರಕ್ತದ ಆಕರಕೋಶಗಳನ್ನು ಮೊದಲು ತಟ್ಟೆಯಲ್ಲಿ ಬೆಳೆಸಿ, ಹೆಚ್ಚಿಸಿ, ಆಮೇಲೆ ಚುಚ್ಚುವುದು ನನ್ನ ಪಿಎಚ್‌.ಡಿ. ಕೆಲಸವಾಗಿತ್ತು.

ತಿಂಗಳು ಕಳೆದರೂ ನನ್ನ ಇಲಿಗಳು ಸಾಯಲಿಲ್ಲ. ರೋಮ ನುಣುಪಾಗಿತ್ತು, ಪಂಜರದ ಕಂಬಿಗೆ ಜೋತು ಕಾಳು ಮೆಲ್ಲುತ್ತಿದ್ದವು. "ನಾಲ್ಕು ತಿಂಗಳು ತಡೆಯಮ್ಮ" ಎಂದರು ಗೈಡ್. ನಾನು ಹಟ ಹಿಡಿದು, ಆಕರಕೋಶಗಳು ತಟ್ಟೆಯಲ್ಲಿ ಹೆಚ್ಚಿವೆ ಎನ್ನುವ ಪೋಸ್ಟರನ್ನು ಸಮ್ಮೇಳನಕ್ಕೆ ಒಯ್ದೆ. ವಯಸ್ಸಾದ ವಿಜ್ಞಾನಿಯೊಬ್ಬರು ಬಗ್ಗಿ ಓದಿ, "ಈ ಇಲಿಗಳ ಮಜ್ಜೆ ತೆಗೆದು ಇನ್ನೊಂದಕ್ಕೆ ಹಾಕಿ ನೋಡಿದಿರಾ?" ಎಂದು ಕೇಳಿದರು. ಅಗತ್ಯ ಕಾಣಲಿಲ್ಲ ಎಂದುಬಿಟ್ಟೆ. ಅವರು ಮಾತಾಡದೆ ಮುಂದೆ ಹೋದರು. ಆ ಉತ್ತರ ನೆನಪಾದರೆ ಈಗಲೂ ಮುಖ ಬಿಸಿಯಾಗುತ್ತದೆ.

ಆಮೇಲೆ ಪ್ರತಿಸಲ ಬಾಲದ ರಕ್ತ ತೆಗೆದು, ಕೋಶಗಳನ್ನು ಗುರುತಿಸಿ ಎಣಿಸುವ ಫ್ಲೋ ಸೈಟೋಮೀಟರಿಗೆ ಹಾಕಿದಾಗಲೂ ದಾನಿ ಕೋಶಗಳ ಚುಕ್ಕೆಗಳು ತೆಳುವಾಗುತ್ತ ಬಂದವು. ಬೋರ್‌ವೆಲ್ ಬತ್ತಿದ ಬಡಾವಣೆಗೆ ಟ್ಯಾಂಕರ್ ನೀರು ಬಂದ ಹಾಗಾಗಿತ್ತು. ತಟ್ಟೆಯಲ್ಲಿ ಹೆಚ್ಚಿದ್ದು ಅಲ್ಪಾಯುಷಿ ಕೋಶಗಳು. ಅವು ಇಲಿಯನ್ನು ದಾಟಿಸಿದ್ದವು, ಅಷ್ಟರೊಳಗೆ ಇಲಿಯ ಸ್ವಂತ ಆಕರಕೋಶಗಳಲ್ಲಿ ಅಳಿದುಳಿದವು ಚೇತರಿಸಿಕೊಂಡಿದ್ದವು. ಪೋಸ್ಟರಿನಲ್ಲಿ ಹೇಳಿದ್ದು ನಿಲ್ಲುವುದಿಲ್ಲವೆಂದು ಲ್ಯಾಬಿನವರೆಲ್ಲರ ಎದುರು ಹೇಳಬೇಕಾಯಿತು.

ಲಿಯಾನ್ ಜೇಕಬ್‌ಸನ್ ಬಗ್ಗೆ ಗಮನಕೊಟ್ಟು ಓದಿದ್ದು ಆಗಲೇ. 1949ರಲ್ಲಿ ಷಿಕಾಗೋದಲ್ಲಿ ಅವರು ಇಲಿಯ ಗುಲ್ಮಕ್ಕೆ ಸೀಸದ ಮರೆ ಕೊಟ್ಟು ವಿಕಿರಣ ಹಾಯಿಸಿದರು. ಇಲಿಗಳು ಬದುಕಿದವು. ಗುಲ್ಮದಿಂದ ಒಸರುವ ಯಾವುದೋ ರಸವೇ ಕಾಪಾಡಿತೆಂದು ಅವರು ತಿಳಿದರು. 1956ರಲ್ಲಿ ಬ್ರಿಟನ್ನಿನ ಹಾರ್ವೆಲ್‌ನಲ್ಲಿ, ವಿಕಿರಣದ ಮೇಲೆ ಬೇರೆ ಇಲಿಯ ಮಜ್ಜೆ ಚುಚ್ಚಿದ ಇಲಿಗಳಲ್ಲಿ ವರ್ಣತಂತುವಿನ ಗುರುತು ಹಿಡಿದು ನೋಡಿದಾಗ, ಮಜ್ಜೆಯಲ್ಲಿ ಮತ್ತೆ ಬೆಳೆಯುತ್ತಿದ್ದದ್ದು ದಾನಿಯ ಕೋಶಗಳೇ ಎಂದು ತಿಳಿಯಿತು. ಜೇಕಬ್‌ಸನ್ ಕಂಡದ್ದು ಸುಳ್ಳಲ್ಲ, ಕೊಟ್ಟ ಕಾರಣ ತಪ್ಪಾಗಿತ್ತು. ನನ್ನದೂ ಹಾಗೆಯೇ, ಆದರೆ ಅವರ ಕಾಲಕ್ಕೆ ಇಲ್ಲದ ಪರೀಕ್ಷೆ ನನ್ನ ಕೈಯಳತೆಯಲ್ಲಿತ್ತು.

ಮಜ್ಜೆಗೆ ತಾಗಿದ ವಿಕಿರಣ ತನ್ನ ಲೆಕ್ಕವನ್ನು ಬೇಗ ಒಪ್ಪಿಸುವುದಿಲ್ಲ. ಹಿರೋಷಿಮಾ, ನಾಗಸಾಕಿಗಳಲ್ಲಿ ಬಾಂಬಿನಿಂದ ಉಳಿದವರಲ್ಲಿ ರಕ್ತದ ಕ್ಯಾನ್ಸರ್ ಹೆಚ್ಚುತ್ತಿರುವುದು ಕಾಣಿಸಿಕೊಂಡದ್ದು ಸುಮಾರು ಎರಡು ವರ್ಷಗಳ ಮೇಲೆ. ಈ ಕೆಲಸಕ್ಕೆ ಬರುವ ಹುಡುಗ ಹುಡುಗಿಯರು ದಯವಿಟ್ಟು ನಾಲ್ಕು ತಿಂಗಳು ಕಾಯಿರಿ, ಎರಡನೇ ಇಲಿಗೂ ಕಸಿ ಮಾಡಿ ನೋಡಿ, ಆಮೇಲೆ ಬರೆಯಿರಿ.