ಮೂಲೆ ಯಾವುದು ಕೊಟ್ಟೆ?

ಕಳೆದ ತಿಂಗಳು ನಮ್ಮ ತಾಲೂಕಿನ ಒಂದು ಹಳ್ಳಿಗೆ ಸುದ್ದಿಗೆಂದು ಹೋಗಿದ್ದೆ. ಅಲ್ಲಿನ ಮಹಿಳಾ ಸ್ವಸಹಾಯ ಸಂಘದವರು ಕಾಗದದ ಕವರ್ ಮಾಡುವ ಘಟಕ ಶುರು ಮಾಡಿದ್ದಾರೆ. 2016ರಲ್ಲಿ ರಾಜ್ಯ ಸರ್ಕಾರ ಪ್ಲಾಸ್ಟಿಕ್ ಕೈಚೀಲ ನಿಷೇಧಿಸಿತು. 2022ರ ಜುಲೈ 1ರಿಂದ ಒಮ್ಮೆ ಬಳಸಿ ಬಿಸಾಡುವ ಕೆಲವು ಪ್ಲಾಸ್ಟಿಕ್ ಸಾಮಾನುಗಳನ್ನು ಕೇಂದ್ರ ಸರ್ಕಾರವೂ ನಿಷೇಧಿಸಿತು. ಅದು ಎಷ್ಟು ಜಾರಿಯಾಗಿದೆ ಅನ್ನೋದು ನಿಮ್ಮೂರ ಸಂತೆಗೆ ಹೋದರೆ ತಿಳಿಯುತ್ತೆ, ಆ ಮಾತು ಬೇರೆ. ಅಂತೂ ಇವರಿಗೆ ಸಾಲ ಸಿಕ್ಕಿ, ಶೆಡ್ ಎದ್ದು, ಮೆಡಿಕಲ್ ಸ್ಟೋರಿನ ಕವರ್, ಮದುವೆಯ ಮುಯ್ಯಿ ಕವರ್ ಮಾಡುತ್ತಿದ್ದಾರೆ.

ಫೋಟೋ ತೆಗೆದೆ. ಅಧ್ಯಕ್ಷರು ಹೇಳಿದ ನಾಲ್ಕು ಮಾತು ಬರೆದುಕೊಂಡೆ. ಹೊರಡಬೇಕು ಅನ್ನುವಾಗ ಶೆಡ್ಡಿನ ಮೂಲೆಯಲ್ಲಿ ಟಾರ್ಪಾಲು ಹೊದಿಸಿದ್ದ ಒಂದು ಸಾಮಾನು ಕಣ್ಣಿಗೆ ಬಿತ್ತು. ಅದರ ಮೇಲೆ ಎರಡು ತೆಂಗಿನಕಾಯಿ, ಯಾರದೋ ಊಟದ ಡಬ್ಬಿ. ಟಾರ್ಪಾಲು ಎತ್ತಿ ನೋಡಿದರೆ ಜಾಗರ್.

"ಅದು ಕೆಲಸಕ್ಕೆ ಬರಲ್ಲ ಸಾರ್. ಸ್ವಿಚ್ ಹಾಕಿದರೆ ಗಡಗಡ ಅಂತ ನಡುಗುತ್ತೆ, ಇಟ್ಟ ಕಾಗದ ಎಲ್ಲ ಚೆದುರಿಹೋಗುತ್ತೆ. ಮಿಷಿನ್ ಮಾರಿದವನು ಜತೆಗೆ ಕೊಟ್ಟು ಹೋದ" ಅಂದರು ಒಬ್ಬರು.

ಹದಿನಾರು ಹದಿನೇಳು ವರ್ಷದ ಹಿಂದೆ ಇಂಥದ್ದೇ ಒಂದು ಮೇಜಿನ ಮುಂದೆ ನಾನು ಒಂದೂವರೆ ವರ್ಷ ನಿಂತಿದ್ದೆ. ಅದನ್ನು ಈ ಬ್ಲಾಗಿನಲ್ಲಿ ಇಷ್ಟು ದಿನ ಬರೆದಿರಲಿಲ್ಲ. ಬರೆಯದೆ ಇದ್ದದ್ದಕ್ಕೆ ಕಾರಣವೂ ಇದೆ.

ಮೊದಲು ಜಾಗರ್ ಅಂದರೇನು ಹೇಳಿಬಿಡುತ್ತೇನೆ. ಇಸ್ಪೀಟ್ ಆಡುವವರನ್ನು ನೋಡಿದ್ದೀರಲ್ಲ. ಕಲಸಿದ ಮೇಲೆ ಎಲೆಗಳನ್ನೆಲ್ಲ ಕೂಡಿಸಿ, ಉದ್ದಕ್ಕೊಂದು ಸಲ ಅಗಲಕ್ಕೊಂದು ಸಲ ಚಾಪೆಗೆ ಕುಟ್ಟಿ ಸಮ ಮಾಡುತ್ತಾರೆ. ಜಾಗರ್ ಮಾಡುವುದೂ ಅಷ್ಟೇ. ಆದರೆ ಅದರ ಮುಂದೆ ಇರುವುದು 52 ಎಲೆಯಲ್ಲ, ಐನೂರು ಹಾಳೆ; ಒಂದೊಂದು ಹಾಳೆಯೂ ಗೋಣಿಚೀಲದಷ್ಟು ಅಗಲ. ಒಂದು ಕಡೆಗೆ ವಾಲಿಸಿದ ಉಕ್ಕಿನ ಹಲಗೆ. ಅದರ ಎರಡು ಬದಿಗೆ ಗೋಡೆಯಂತೆ ಪಟ್ಟಿ. ಆ ಎರಡು ಪಟ್ಟಿ ಸೇರುವ ಮೂಲೆಯೇ ಹಲಗೆಯ ಎಲ್ಲಕ್ಕಿಂತ ತಗ್ಗು ಜಾಗ. ಹಲಗೆಯ ಕೆಳಗೆ ಒಂದು ಮೋಟರು, ಅದರ ಕಡ್ಡಿಗೆ ಒಂದು ಪಕ್ಕ ಮಾತ್ರ ಭಾರ ಕಟ್ಟಿರುತ್ತಾರೆ. ತಿರುಗಿದಾಗ ಅದು ಓಲಾಡಿ ಇಡೀ ಹಲಗೆಯನ್ನು ನಡುಗಿಸುತ್ತದೆ. ಕೆಲವದರಲ್ಲಿ ಮೋಟರಿನ ಬದಲು ವಿದ್ಯುತ್ ಅಯಸ್ಕಾಂತ ಇರುತ್ತದೆ. ನಾವು ಅದನ್ನು ನಡುಗೋ ಟೇಬಲ್ ಅನ್ನುತ್ತಿದ್ದೆವು.

ಕಾಗದದ ಕಟ್ಟನ್ನು ಹಾಗೇ ತಂದು ಇಟ್ಟರೆ ಪ್ರಯೋಜನವಿಲ್ಲ. ಹಾಳೆಗೆ ಹಾಳೆ ಅಂಟಿಕೊಂಡಿರುತ್ತದೆ, ಮಳೆಗಾಲದಲ್ಲಂತೂ ತೇವ ಎಳೆದು ಅಂಚು ಅಲೆಅಲೆಯಾಗಿರುತ್ತದೆ. ಅದಕ್ಕೇ ಕಟ್ಟಿನ ಎರಡು ಮೂಲೆ ಹಿಡಿದು ಬಿಲ್ಲಿನಂತೆ ಬಗ್ಗಿಸಿ, ಬೀಸಣಿಗೆ ಬಿಡಿಸಿದ ಹಾಗೆ ಬಿಡಿಸಬೇಕು. ನಡುವೆ ಗಾಳಿ ಹೊಕ್ಕಾಗ ಹಾಳೆಗಳು ತೇಲಿದಂತಾಗುತ್ತವೆ. ಆಮೇಲೆ ಮೇಜಿನ ಮೇಲೆ ಬಿಟ್ಟು ಸ್ವಿಚ್ ಹಾಕಿದರೆ ಒಂದೊಂದೂ ತಾನಾಗೇ ಜಾರಿ ತಗ್ಗಿನ ಮೂಲೆಗೆ ಹೋಗಿ ಕೂರುತ್ತದೆ. ರಾಗಿ ಚೀಲವನ್ನು ನೆಲಕ್ಕೆ ಕುಕ್ಕಿದರೆ ಕಾಳು ಕೆಳಕ್ಕೆ ಕೂತು ಇನ್ನೆರಡು ಸೇರಿಗೆ ಜಾಗ ಆಗುತ್ತಲ್ಲ, ಹಾಗೆ. ತೆಳು ಕಾಗದಕ್ಕೆ ನಡುಕ ಕಡಿಮೆ ಇಡಬೇಕು, ದಪ್ಪ ಕಾಗದಕ್ಕೆ ಹೆಚ್ಚು. ಅದಕ್ಕೊಂದು ತಿರುಗಣೆ ಇರುತ್ತದೆ. ಈ ಸಂಘದವರು ತಿರುಗಣೆಯನ್ನು ಕೊನೆಯವರೆಗೂ ತಿರುಗಿಸಿ, ಗಾಳಿ ಬಿಡಿಸದ ಕಟ್ಟು ಇಟ್ಟಿದ್ದರು. ಚೆದುರದೆ ಇನ್ನೇನು.

ಇಷ್ಟು ಸರಿಮಾಡುವುದು ಯಾಕೆ ಅಂದರೆ, ಕವರನ್ನು ಒಂದೊಂದಾಗಿ ಕತ್ತರಿಸುವುದಿಲ್ಲ. ಹಾಳೆಗಳ ಕಟ್ಟಿನ ಮೇಲೆ ಕವರಿನ ಆಕಾರದ ಉಕ್ಕಿನ ಡೈ ಇಟ್ಟು ಪ್ರೆಸ್ಸಿನಲ್ಲಿ ಒತ್ತುತ್ತಾರೆ. ಚಕ್ಕುಲಿ ಹಿಟ್ಟಿನ ಮೇಲೆ ಮಕ್ಕಳು ಬಾಟಲಿ ಮುಚ್ಚಳ ಒತ್ತಿ ಬಿಲ್ಲೆ ಮಾಡಿದಂತೆ. ನಾಲ್ಕು ಕಿವಿಯಿರುವ ನೂರಾರು ತುಂಡು ಒಟ್ಟಿಗೆ ಬೀಳುತ್ತವೆ. ಆ ತುಂಡುಗಳು ಮಡಿಚುವ ಯಂತ್ರಕ್ಕೆ ಹೋಗುತ್ತವೆ. ಅಲ್ಲೂ ಅವನ್ನು ಮತ್ತೆ ತಟ್ಟಿ ಸಮ ಮಾಡಿ ಕಂಬಿಗಳ ನಡುವೆ ಇಡಬೇಕು, ಇಲ್ಲವಾದರೆ ಯಂತ್ರ ಎರಡೆರಡು ತುಂಡು ಎಳೆದುಕೊಂಡು ಸಿಕ್ಕಿಕೊಳ್ಳುತ್ತದೆ.

ಇದು ಹಳೇ ಕಸುಬು. ಇಂಗ್ಲೆಂಡಿನಲ್ಲಿ 1840ರಲ್ಲಿ ರೋಲೆಂಡ್ ಹಿಲ್ ಒಂದು ಪೆನ್ನಿಯ ಅಂಚೆ ತಂದ ಮೇಲೆ ಕಾಗದ ಬರೆಯುವವರು ಹೆಚ್ಚಾದರು, ಕವರು ಕೈಯಲ್ಲಿ ಮಡಿಚಿ ಪೂರೈಸದಂತಾಯಿತು. ಅವರ ಅಣ್ಣ ಎಡ್ವಿನ್ ಹಿಲ್ ಮತ್ತು ವಾರೆನ್ ಡಿ ಲಾ ರೂ ಎಂಬುವರು ಸೇರಿ 1845ರಲ್ಲಿ ಕವರ್ ಮಡಿಚುವ ಯಂತ್ರಕ್ಕೆ ಪೇಟೆಂಟ್ ಪಡೆದರು. 1851ರ ಲಂಡನ್ನಿನ ದೊಡ್ಡ ವಸ್ತುಪ್ರದರ್ಶನದಲ್ಲಿ ಅದನ್ನು ಇಟ್ಟಿದ್ದರು. ಅಮೆರಿಕದಲ್ಲಿ 1853ರಲ್ಲಿ ಇಂಥ ಯಂತ್ರಕ್ಕೆ ಪೇಟೆಂಟ್ ಪಡೆದವರು ರಸೆಲ್ ಹಾಸ್ ಅನ್ನುವ ಒಬ್ಬ ಡಾಕ್ಟರು. ರೋಗಿ ನೋಡುವುದು ಬಿಟ್ಟು ಕವರಿನ ಹಿಂದೆ ಯಾಕೆ ಬಿದ್ದರೋ.

ಈಗ ನನ್ನ ಕತೆ. 2008ರಲ್ಲಿ ಪಿಯುಸಿ ಮುಗಿಸಿ ಬೆಂಗಳೂರಿಗೆ ಹೋದೆ. ಕಾಮಾಕ್ಷಿಪಾಳ್ಯದಲ್ಲಿ ನಮ್ಮೂರಿನವರೊಬ್ಬರ ರೂಮು. ಅಲ್ಲೇ ಹತ್ತಿರ ಒಂದು ಶೀಟಿನ ಶೆಡ್ಡಿನಲ್ಲಿ ಕವರ್ ಮಾಡುವ ಕೆಲಸ. ಸಂಬಳ ತಿಂಗಳಿಗೆ 2,600. ನನಗೆ ಕೊಟ್ಟದ್ದು ಜಾಗರ್. ಪಕ್ಕದ ಪಂಚಿಂಗ್ ಪ್ರೆಸ್ಸಿನಲ್ಲಿ ಮಾಗಡಿ ಕಡೆಯ ಒಬ್ಬ ಅಕ್ಕ ಇದ್ದರು. ನನಗಿಂತ ಹದಿನೈದು ವರ್ಷ ದೊಡ್ಡವರು. ನಾನು ಸರಿಮಾಡಿ ಕೊಟ್ಟ ಕಟ್ಟಿನ ಮೇಲೆ ಅವರು ಡೈ ಇಡಬೇಕು. ಅವರಿಗೆ ತಿಂಗಳ ಸಂಬಳವಿಲ್ಲ, ಸಾವಿರ ತುಂಡಿಗೆ ಇಷ್ಟು ಅಂತ. ಶನಿವಾರ ಶನಿವಾರ ಬಟವಾಡೆ.

ಕೆಲಸ ಕಲಿಸಿದವರು ಅವರೇ. ಕರೆಂಟು ಹೋದರೆ ಅವರು ಕೈಯಲ್ಲೇ ಕಟ್ಟು ಕುಟ್ಟಿ ಸರಿಮಾಡುತ್ತಿದ್ದರು, ಮೇಜಿಗಿಂತ ಚೆನ್ನಾಗಿ. ಅಂಚಿನ ಮೇಲೆ ಹೆಬ್ಬೆರಳು ಎಳೆದು ಒಂದು ಹಾಳೆ ಹೊರಗಿದ್ದರೂ ಹೇಳುತ್ತಿದ್ದರು. ಅವರ ಬೆರಳ ತುದಿಯಲ್ಲಿ ಕಾಗದ ಕೊಯ್ದ ಗೆರೆಗಳು ಯಾವಾಗಲೂ ಇರುತ್ತಿದ್ದವು. ಫೆವಿಕಾಲ್ ಹಚ್ಚಿಕೊಂಡು ಕೆಲಸ ಮುಂದುವರಿಸುತ್ತಿದ್ದರು.

ಅವರು ಮೊದಲ ದಿನವೇ ಹೇಳಿದ್ದು ಮೂಲೆಯ ವಿಷಯ. ಪ್ರಿಂಟ್ ಆದ ಹಾಳೆಯನ್ನು ಯಾವ ಮೂಲೆಗಾದರೂ ಸರಿಮಾಡಬಹುದು ಅಂತ ಹೊಸಬರು ಅಂದುಕೊಳ್ಳುತ್ತಾರೆ. ಹಾಗಲ್ಲ. ಪ್ರಿಂಟಿಂಗ್ ಮಿಷಿನ್ನು ಹಾಳೆಯನ್ನು ಮುಂದಿನ ಅಂಚಿನಲ್ಲಿ ಕಚ್ಚಿ ಹಿಡಿಯುತ್ತದೆ. ಅದು ಗ್ರಿಪ್ಪರ್. ಪಕ್ಕದ ಒಂದು ಅಂಚನ್ನು ತಡೆಗೆ ತಾಗಿಸುತ್ತದೆ. ಅದು ಸೈಡ್ ಲೇ. ಈ ಎರಡು ಅಂಚಿನಿಂದ ಅಚ್ಚು ಎಷ್ಟು ದೂರ ಬಿದ್ದಿದೆಯೋ ಅದು ಎಲ್ಲ ಹಾಳೆಗೂ ಒಂದೇ. ಎದುರು ಅಂಚುಗಳ ಮಾತು ಬೇರೆ. ಮಿಲ್ಲಿನಿಂದ ಬರುವ ಹಾಳೆಗಳಲ್ಲಿ ಒಂದೆರಡು ಮಿಲಿಮೀಟರ್ ಹೆಚ್ಚುಕಮ್ಮಿ ಇದ್ದೇ ಇರುತ್ತದೆ. ಅದಕ್ಕೇ ಪ್ರೆಸ್ಸಿನವರು ಆ ಎರಡು ಅಂಚು ಸೇರುವ ಮೂಲೆಗೆ ಪೆನ್ಸಿಲಿನಲ್ಲಿ ಗೀಟು ಎಳೆದು ಕಳಿಸುತ್ತಾರೆ. ಜಾಗರಿನ ತಗ್ಗಿನ ಮೂಲೆಗೆ ಆ ಮೂಲೆಯೇ ಬರಬೇಕು.

ಆ ವರ್ಷ ಒಂದು ಮಳೆಗಾಲದ ಗುರುವಾರ ಒಂದು ಸಹಕಾರ ಸಂಘದ ಕವರಿಗೆ ಹಾಳೆ ಬಂತು. ಕವರಿನ ಬಾಯಿ ಮಡಿಚುವ ಅಂಚಿಗೆ ಸರಿಯಾಗಿ ಒಂದು ಕೆಂಪು ಪಟ್ಟಿ ಬರಬೇಕು. ನನಗೆ ಶನಿವಾರ ಊರಿಗೆ ಹೋಗುವ ಯೋಚನೆ. ಗೀಟು ಮಾಸಿತ್ತು. ಗೋಡೆ ಕಡೆಯಿಂದ ಎತ್ತಿಡಲು ಸುಲಭ ಅಂತ ನಾಲ್ಕೈದು ಕಟ್ಟನ್ನು ತಿರುಗಿಸಿ ಇಟ್ಟೆ. ಮೇಜು ಅದನ್ನೂ ಚೆನ್ನಾಗಿಯೇ ಸರಿಮಾಡಿ ಕೊಟ್ಟಿತು. ಅಂಚು ನೋಡಿದರೆ ಕನ್ನಡಿ ಥರ.

ಶನಿವಾರ ಎಣಿಸುವಾಗ ಗೊತ್ತಾಯಿತು. ಎಂಟು ಸಾವಿರ ಕವರಿನಲ್ಲಿ ಎರಡು ಸಾವಿರ ಚಿಲ್ಲರೆ ಕವರಿನ ಕೆಂಪು ಪಟ್ಟಿ ಮಡಿಕೆ ಬಿಟ್ಟು ಮುಂಭಾಗಕ್ಕೆ ಜಾರಿತ್ತು. ಮಾಲೀಕರು ಒಂದು ಹಿಡಿ ಕವರ್ ತಂದು ಅಕ್ಕನ ಮುಂದೆ ಎಸೆದರು. ಡೈ ಓರೆ ಇಟ್ಟಿದ್ದೀಯ ಅಂದರು.

ಅಕ್ಕ ಕವರುಗಳನ್ನು ಸಾಲಾಗಿ ಜೋಡಿಸಿ ನೋಡಿದರು. "ಡೈ ಓಡಿದ್ದರೆ ಮೇಲಿಂದ ಕೆಳಕ್ಕೆ ಸ್ವಲ್ಪ ಸ್ವಲ್ಪವೇ ಹೆಚ್ಚಾಗಬೇಕು ಸಾರ್. ಇದು ಒಂದೇ ಸಲಕ್ಕೆ ಜಿಗಿದೈತೆ. ಹಾಳೆ ಎರಡು ಅಳತೇದು" ಅಂದರು. ಅವರು ಹೇಳಿದ್ದು ಸರಿ. ಪ್ರೆಸ್ಸಿನಲ್ಲಿ ಎರಡು ಲಾಟಿನ ಕಾಗದ ಹಾಕಿದ್ದರು, ಒಂದು ಲಾಟು ಮೂರು ಮಿಲಿಮೀಟರ್ ದೊಡ್ಡದು. ಗೀಟಿನ ಮೂಲೆಗೆ ಸರಿಮಾಡಿದ್ದರೆ ಆ ವ್ಯತ್ಯಾಸ ಎದುರು ಅಂಚಿಗೆ ಹೋಗಿ ಕತ್ತರಿಸಿದ ಚೂರಿನ ಜತೆ ಹೊರಗೆ ಬೀಳುತ್ತಿತ್ತು. ಮೂಲೆ ತಪ್ಪಿದ್ದಕ್ಕೆ ಅದು ಕೆಂಪು ಪಟ್ಟಿಯ ಮೇಲೆ ಬಂದಿತ್ತು.

ಮಾಲೀಕರು ಕೇಳಲಿಲ್ಲ. ನನಗೇ ಪಾಠ ಹೇಳ್ತೀಯಾ ಅಂದರು. ಮೂರು ಬಟವಾಡೆಯಲ್ಲಿ 850 ರೂಪಾಯಿ ಹಿಡಿಯುವುದು ಅಂತ ಬರೆದುಕೊಂಡರು.

ನಾನು ನಾಲ್ಕು ಅಡಿ ದೂರದಲ್ಲಿದ್ದೆ. ಅಕ್ಕ ಜಿಗಿದೈತೆ ಅಂದ ಕ್ಷಣವೇ ನನಗೆ ಗೋಡೆ ಕಡೆಗೆ ತಿರುಗಿಸಿದ ಕಟ್ಟುಗಳು ನೆನಪಾಗಿದ್ದವು. ಬಾಯಿ ಬಿಡಲಿಲ್ಲ. ಕೆಲಸ ಹೋಗುತ್ತೆ ಅನ್ನುವ ಭಯ ಇತ್ತು, ನಿಜ. ಆದರೆ ಅದೊಂದೇ ಅಲ್ಲ. ಅವತ್ತು ಊರಿನ ಬಸ್ಸು ತಪ್ಪಬಾರದು ಅನ್ನುವುದೂ ಇತ್ತು. ಇದನ್ನು ಬರೆಯುವುದಕ್ಕೆ ಭಯಕ್ಕಿಂತ ಹೆಚ್ಚು ನಾಚಿಕೆ ಆಗುತ್ತದೆ.

ಸೋಮವಾರ ಅಕ್ಕ ನನ್ನ ಮೇಜಿನ ಹತ್ತಿರ ಬಂದರು. "ಮೂಲೆ ಯಾವುದು ಕೊಟ್ಟೆ?" ಅಂತ ಕೇಳಿದರು. ನಾನು ನೆಲ ನೋಡಿದೆ. ಅವರು ಮತ್ತೆ ಕೇಳಲಿಲ್ಲ. ಅವತ್ತಿನಿಂದ ನನಗೆ ಬರುವ ಪ್ರತಿ ಕಟ್ಟಿಗೂ ಅವರೇ ನೀಲಿ ಸೀಸದಕಡ್ಡಿಯಲ್ಲಿ ದಪ್ಪಗೆ ಗೀಟು ಎಳೆದು ಇಡುತ್ತಿದ್ದರು. ಮಾಲೀಕರಿಗೆ ಹೇಳಲಿಲ್ಲ. ಯಾಕೆ ಹೇಳಲಿಲ್ಲ ಅಂತ ನಾನೂ ಕೇಳಲಿಲ್ಲ.

2010ರಲ್ಲಿ ಪತ್ರಿಕೋದ್ಯಮ ಡಿಪ್ಲೊಮಾಕ್ಕೆ ಸೇರಲು ಕೆಲಸ ಬಿಟ್ಟೆ. ಹೊರಡುವ ದಿನ ಅಕ್ಕ ಒಂದು ಕಟ್ಟು ಕವರ್ ಕೊಟ್ಟರು. "ಅರ್ಜಿ ಹಾಕಾಕೆ ಬೇಕಾಯ್ತವೆ, ಇಟ್ಕೊ" ಅಂದರು. ರೂಮಿಗೆ ಹೋಗಿ ಬಿಚ್ಚಿದರೆ ಅವೇ, ಕೆಂಪು ಪಟ್ಟಿ ಜಾರಿದವು. ಹಣ ಹಿಡಿದಿದ್ದಕ್ಕೆ ಕೆಟ್ಟ ಮಾಲನ್ನು ಅವರೇ ಇಟ್ಟುಕೊಂಡಿದ್ದರು ಅಂತ ಕಾಣುತ್ತೆ. ಗೊತ್ತಿದ್ದೇ ಕೊಟ್ಟರೋ, ಬಳಕೆಗೆ ಬರಲಿ ಅಂತ ಕೊಟ್ಟರೋ. ಪತ್ರಿಕಾ ಕಚೇರಿಗಳಿಗೆ ನಾನು ಹಾಕಿದ ಅರ್ಜಿಗಳೆಲ್ಲ ಸಂಘದ ಹೆಸರಿನ ಮೇಲೆ ಬಿಳಿ ಚೀಟಿ ಅಂಟಿಸಿಕೊಂಡು ಅವುಗಳಲ್ಲೇ ಹೋದವು.

ಎರಡು ವರ್ಷದ ಹಿಂದೆ ಬೆಂಗಳೂರಿಗೆ ಹೋದಾಗ ಜೇಬಿನಲ್ಲಿ ದುಡ್ಡಿಟ್ಟುಕೊಂಡು ಆ ಬೀದಿಗೆ ಹೋಗಿದ್ದೆ. ಶೆಡ್ ಇದ್ದ ಕಡೆ ಜಿಮ್ ಆಗಿದೆ. ಟೀ ಅಂಗಡಿಯವರಿಗೆ ಅಕ್ಕನ ನೆನಪಿತ್ತು, ಸುಂಕದಕಟ್ಟೆ ಕಡೆ ಮನೆ ಮಾಡಿದರು ಅಂತ ಕೇಳಿದ್ದೆ ಅಂದರು. ಅಲ್ಲೂ ಒಂದು ಸಂಜೆ ಹುಡುಕಿದೆ. ಸಿಗಲಿಲ್ಲ.

ಈ ಸಂಘದ ಶೆಡ್ಡಿನಲ್ಲಿ ಅವತ್ತು ಸಂಜೆಯವರೆಗೂ ಇದ್ದೆ. ತಿರುಗಣೆ ಇಳಿಸಿ, ಗಾಳಿ ಬಿಡಿಸುವುದು ತೋರಿಸಿದೆ. ಕೈ ಮರೆತಿರಲಿಲ್ಲ. ಮೊದಲನೇ ಕಟ್ಟು ಜಾರಿ ಮೂಲೆಗೆ ಕೂತಾಗ ಒಬ್ಬರು ಅಂಚಿನ ಮೇಲೆ ಬೆರಳು ಎಳೆದು ನಕ್ಕರು. ಹಾಳೆಗಳ ಮೇಲೆ ಎಲ್ಲೂ ಗೀಟು ಇರಲಿಲ್ಲ. ಪ್ರೆಸ್ಸಿನವರನ್ನು ಕೇಳಿ ಹಾಕಿಸಿಕೊಳ್ಳಿ, ಮರೆಯಬೇಡಿ ಅಂತ ಮೂರು ಸಲ ಹೇಳಿದೆ. ನಿಮಗೆ ಇದೆಲ್ಲ ಯಾರು ಕಲಿಸಿದರು ಸಾರ್ ಅಂದರು. ಒಬ್ಬ ಅಕ್ಕ ಅಂದೆ.

ಸುದ್ದಿ ಹನ್ನೆರಡು ಸಾಲು ಬಂತು. ಜಾಗರಿನ ವಿಷಯ ಡೆಸ್ಕಿನವರು ತೆಗೆದಿದ್ದರು, ತೆಗೆಯುವಂಥದ್ದೇ. ಮೊನ್ನೆ ಸಂಘದವರು ಫೋನ್ ಮಾಡಿದ್ದರು. ಹೊಸ ಮುಯ್ಯಿ ಕವರಿನ ಹಾಳೆ ಬಂದಿದೆಯಂತೆ. "ಎರಡು ಮೂಲೆಗೂ ಗೀಟು ಎಳೆದು ಕಳಿಸವ್ರೆ ಸಾರ್, ಯಾವುದು ಕೊಡೋದು?" ಅಂದರು. ಊಹೆ ಮಾಡಬೇಡಿ, ಪ್ರೆಸ್ಸಿಗೆ ಫೋನ್ ಮಾಡಿ ಕೇಳಿ, ಅವರು ಹೇಳುವ ತನಕ ಸ್ವಿಚ್ ಹಾಕಬೇಡಿ ಅಂದೆ.